ದತ್ತಣ್ಣ ಕೆಲಸ ಬಿಟ್ಟು ಓಡಿಬಂದವರಲ್ಲ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ರಾಜೀನಾಮೆ ಪತ್ರ ಎಂಟು ತಿಂಗಳಿಂದ ಕೂತಿದೆ. ದಿನಾಂಕ ಒಂದು ಬಿಟ್ಟು ಎಲ್ಲಾ ಬರೆದಾಗಿದೆ. ವಾರವಿಡೀ ಕೋಡ್ ಬರೆದು, ಶನಿವಾರ ಭಾನುವಾರ ಹವ್ಯಾಸಿ ತಂಡದ ತಾಲೀಮಿಗೆ ಓಡುವವನು ನಾನು. ವಯಸ್ಸು ಮೂವತ್ತು. "ನಟನೆ ಮಾಡೋದಾದ್ರೆ ಈಗಲೇ ಕೆಲಸ ಬಿಡು, ಆಮೇಲೆ ಯಾರೂ ಕರೆಯಲ್ಲ" ಅಂತ ತಂಡದ ಗೆಳೆಯನೊಬ್ಬ ಹೇಳಿದ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಅಮ್ಮನ ಜೊತೆ ಕೂತು 'ಭಾರತ್ ಸ್ಟೋರ್ಸ್' ನೋಡಿದೆ. ಪಿ. ಶೇಷಾದ್ರಿ ನಿರ್ದೇಶನದ ಚಿತ್ರ. ದೊಡ್ಡ ಮಾಲ್‌ಗಳ ಎದುರು ಸೊರಗುವ ದಿನಸಿ ಅಂಗಡಿಯ ಶೆಟ್ಟರಾಗಿ ದತ್ತಣ್ಣ. "ಇವ್ರು ನಿಜವಾಗ್ಲೂ ಅಂಗಡಿ ಇಟ್ಟಿದ್ರೇನೋ?" ಅಂದ್ಲು ಅಮ್ಮ. "ಇಲ್ಲಮ್ಮ, ಏರ್‌ಫೋರ್ಸ್‌ನಲ್ಲಿ ವಿಂಗ್ ಕಮಾಂಡರ್ ಆಗಿದ್ರು" ಅಂದೆ. ನಂಬಲಿಲ್ಲ.

ನಂಬುವುದು ಕಷ್ಟವೇ. ಎಚ್.ಜಿ. ದತ್ತಾತ್ರೇಯ ಹುಟ್ಟಿದ್ದು 1942ರಲ್ಲಿ, ಚಿತ್ರದುರ್ಗದಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ವಾಯುಪಡೆ ಸೇರಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದರು, ಎಚ್ಎಎಲ್‌ನಲ್ಲೂ ದುಡಿದರು. ನೌಕರಿಯ ಜೊತೆಜೊತೆಗೇ ನಾಟಕ ಆಡುತ್ತಾ ಬಂದರು. ನಾಗಾಭರಣರ 'ಆಸ್ಫೋಟ' ಬಂದದ್ದು 1988ರಲ್ಲಿ. ಆಗ ಅವರಿಗೆ 46! ನನಗಿಂತ ಹದಿನಾರು ವರ್ಷ ದೊಡ್ಡ ವಯಸ್ಸು. 'ಮೌನಿ'ಯ ಅಭಿನಯಕ್ಕೆ ರಾಷ್ಟ್ರ ಪ್ರಶಸ್ತಿಗಳಲ್ಲಿ ವಿಶೇಷ ಉಲ್ಲೇಖ ಸಿಕ್ಕಾಗ ಅರವತ್ತು ದಾಟಿತ್ತು.

ಹಾಗಂತ ಇದನ್ನು 'ತಡವಾದರೂ ಗೆದ್ದರು' ಅನ್ನುವ ಕಥೆ ಮಾಡಲು ನನಗೆ ಮನಸ್ಸಿಲ್ಲ. ಈ ದಾರಿಗೂ ಬೆಲೆ ಇದೆ. ಪ್ರೇಮಿಯಾಗಿ, ಕೆಲಸ ಹುಡುಕುವ ಹುಡುಗನಾಗಿ ದತ್ತಣ್ಣ ತೆರೆ ಮೇಲೆ ಹೇಗಿರುತ್ತಿದ್ದರು ಅಂತ ನಮಗೆ ಯಾವತ್ತೂ ಗೊತ್ತಾಗಲ್ಲ. ಆ ವಯಸ್ಸನ್ನು ಯೂನಿಫಾರ್ಮ್ ತಗೊಂಡಿತು.

ಆದರೆ ಬಂದ ಮೇಲೆ ಮಾಡಿದ್ದು ನೋಡಿ. 'ಬೆಟ್ಟದ ಜೀವ'ದ ಗೋಪಾಲಯ್ಯ, ದೂರಾದ ಮಗನ ನೋವನ್ನು ಮಾತಿನ ಸಡಗರದೊಳಗೆ ಬಚ್ಚಿಟ್ಟುಕೊಂಡ ಮುದುಕ. ಗಂಟಲು ಏರಿಸದೆ, ಕಣ್ಣೀರು ಸುರಿಸದೆ ಎಷ್ಟು ಹೇಳುತ್ತಾರೆ! ಅದೇ ಮನುಷ್ಯ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಜೊತೆ ನಿಂತು ಪೋಲಿ ಮಾತಿಗೂ ಸೈ. (ಅದನ್ನ ಅಮ್ಮನ ಜೊತೆ ಕೂತು ನೋಡೋಕಾಗಲ್ಲ ಬಿಡಿ.) 2019ರಲ್ಲಿ, 77ನೇ ವಯಸ್ಸಿಗೆ, ಹಿಂದಿಯ 'ಮಿಷನ್ ಮಂಗಲ್'ನಲ್ಲಿ ಇಸ್ರೋದ ಹಿರಿಯನ ಪಾತ್ರ. ಎಂಜಿನಿಯರಿಂಗ್ ಡಿಗ್ರಿ ಕೊನೆಗೂ ಸಿನಿಮಾದಲ್ಲಿ ಉಪಯೋಗಕ್ಕೆ ಬಂತು ಅಂತ ನನಗೆ ಒಳಗೊಳಗೇ ಖುಷಿ.

ನನ್ನ ಅನಿಸಿಕೆ ಇಷ್ಟು. ಹೊಟ್ಟೆಪಾಡು ಬೇರೆ ಕಡೆಯಿಂದ ನಡೆಯುತ್ತಿದ್ದರೆ ಪಾತ್ರಕ್ಕೆ ಬೇಡ ಅನ್ನುವ ಧೈರ್ಯ ಇರುತ್ತೆ. ಬಾಡಿಗೆ ಕಟ್ಟೋಕೆ ನಟಿಸುವವನಿಗೆ ಆ ಸ್ವಾತಂತ್ರ್ಯ ಎಲ್ಲಿ? ಗೆಳೆಯ ಇದನ್ನ ಒಪ್ಪಲ್ಲ. "ನಿನ್ನ ಕಂಪನಿ ಪೆನ್ಷನ್ ಕೊಡುತ್ತಾ?" ಅಂತ ಕೇಳಿದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಕಳೆದ ವಾರ ಒಂದು ಸಣ್ಣ ಚಿತ್ರಕ್ಕೆ ಕರೆ ಬಂತು. ಮೂರು ದಿನದ ಕೆಲಸ, ಅದೂ ವಾರದ ಮಧ್ಯೆ. ರಜೆ ಅರ್ಜಿಯಲ್ಲಿ ಎಂದಿನಂತೆ 'ಜ್ವರ' ಅಂತ ಟೈಪ್ ಮಾಡಿ, ಅಳಿಸಿ, 'ಶೂಟಿಂಗ್' ಅಂತ ಬರೆದೆ. ಮ್ಯಾನೇಜರ್ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ರಾಜೀನಾಮೆ ಪತ್ರ ಹಾಗೇ ಇದೆ. ನನ್ನದು ಹೆಡ್ ಕಾನ್‌ಸ್ಟೇಬಲ್ ಪಾತ್ರ, ಎರಡೇ ಎರಡು ಮಾತು. ಅಮ್ಮ ಆಗಲೇ ಬೀದಿಗೆಲ್ಲಾ ಹೇಳಿಯಾಗಿದೆ.