ಬಿಸಿಲ ನಾಡಿನಲ್ಲೂ 'ಡಿ' ಜೀವಸತ್ವದ ಕೊರತೆಯೇ?

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರಿನಲ್ಲಿ ನಿಂತು 'ನಿಮಗೆ ಬಿಸಿಲು ಸಾಲದು' ಎಂದರೆ ಯಾರಿಗಾದರೂ ನಗು ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಆದರೂ ಕಾಲು ಸೊಟ್ಟಗಾದ ಮಕ್ಕಳು, ಸೊಂಟ ಹಿಡಿದುಕೊಂಡು ಏಳುವ ತಾಯಂದಿರು ಇಲ್ಲಿಯೂ ಕಾಣಸಿಗುತ್ತಾರೆ. ಇದಕ್ಕೆ ಕಾರಣಗಳಲ್ಲಿ ಒಂದು 'ಡಿ' ಜೀವಸತ್ವದ ಕೊರತೆ.

ನಾವು ತಿನ್ನುವ ಆಹಾರದಿಂದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕರುಳು ಹೀರಿಕೊಳ್ಳಲು ಈ ಜೀವಸತ್ವ ಬೇಕೇ ಬೇಕು. ಇದು ಕಡಿಮೆಯಾದರೆ ಮಕ್ಕಳ ಎಳೆಯ ಎಲುಬು ಗಟ್ಟಿಯಾಗದೆ ದೇಹದ ಭಾರಕ್ಕೆ ಬಾಗುತ್ತದೆ. ಇದೇ ರಿಕೆಟ್ಸ್. 1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿ ಅತಿನೇರಳೆ ಕಿರಣದ ದೀಪದಿಂದ ಈ ರೋಗ ವಾಸಿ ಮಾಡಿದರು. ಅದೇ ಕಾಲಕ್ಕೆ ಇಂಗ್ಲೆಂಡಿನ ಮೆಲನ್‌ಬಿ ನಾಯಿಮರಿಗಳಲ್ಲಿ ಮೀನೆಣ್ಣೆಯ ಗುಣವನ್ನು ತೋರಿಸಿದರು. ಎ, ಬಿ, ಸಿ ಆಗಲೇ ಇದ್ದುದರಿಂದ ಅಮೆರಿಕದ ಮೆಕಾಲಮ್ 1922ರಲ್ಲಿ ಇದನ್ನು 'ಡಿ' ಎಂದು ಕರೆದರು.

ಬಿಸಿಲಿನ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಬ್ಬಿನ ಒಂದು ಅಂಶ 'ಡಿ' ಜೀವಸತ್ವವಾಗುತ್ತದೆ. ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಾಟು ಹೊಂದಿ ಕೆಲಸಕ್ಕೆ ಬರುತ್ತದೆ.

ಹಾಗಿದ್ದರೆ ಕೊರತೆ ಏಕೆ? ಒಂದು, ನಾವು ಹೊರಗೆ ಬರುವ ಹೊತ್ತು. ನಸುಕಿನ ಮತ್ತು ಇಳಿಹೊತ್ತಿನ ಎಳೆಬಿಸಿಲಿನಲ್ಲಿ ಈ ಕಿರಣ ಬಹಳ ಕಡಿಮೆ. ಸೂರ್ಯ ಮೇಲೇರಿದಾಗ ನಾವು ನೆರಳು ಹುಡುಕುತ್ತೇವೆ. ಹೊಲದಲ್ಲಿ ದುಡಿಯುವವರೂ ಮೈತುಂಬ ಬಟ್ಟೆ, ತಲೆಗೆ ಸೆರಗು ಅಥವಾ ಟವೆಲು ಸುತ್ತಿರುತ್ತಾರೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬಿಸಿಲು ಬೇಕು.

ಎರಡನೆಯದು ಊಟ. ಜೋಳದ ರೊಟ್ಟಿ, ತೊಗರಿಬೇಳೆ ಒಳ್ಳೆಯ ಆಹಾರವೇ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 300ಕ್ಕೂ ಹೆಚ್ಚು. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಾಗ ದೇಹದಲ್ಲಿನ 'ಡಿ' ದಾಸ್ತಾನು ಬೇಗ ಕರಗುತ್ತದೆ. ತಿರುಪತಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ ಈ ಜೀವಸತ್ವ ಹೆಚ್ಚಿದ್ದರೂ ಊಟದ ಕ್ಯಾಲ್ಸಿಯಂ ಮಾತ್ರ ಇಬ್ಬರಲ್ಲೂ ಸಾಲದಾಗಿತ್ತು.

ಲಕ್ಷಣಗಳೇನು? ಮಗುವಿನ ನೆತ್ತಿ ಕೂಡುವುದು ತಡವಾಗುವುದು, ಹಲ್ಲು ಮತ್ತು ನಡಿಗೆ ತಡವಾಗುವುದು, ಮಣಿಕಟ್ಟು ದಪ್ಪವಾಗುವುದು, ಕಾಲು ಬಾಗುವುದು. ದೊಡ್ಡವರಲ್ಲಿ ಸೊಂಟ ಮತ್ತು ತೊಡೆಗಳಲ್ಲಿ ನೋವು, ಕುಳಿತಲ್ಲಿಂದ ಏಳಲು ಕೈಯೂರಬೇಕಾಗುವುದು.

ಇಲ್ಲೊಂದು ಎಚ್ಚರಿಕೆ. ಬಾಗಿದ ಕಾಲೆಲ್ಲ 'ಡಿ' ಕೊರತೆಯಲ್ಲ. ಯಾದಗಿರಿ, ರಾಯಚೂರು ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಲ್ಲಿ ಅದೂ ಮೊಣಕಾಲನ್ನು ಸೊಟ್ಟಗಾಗಿಸುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯುವ ನೀರನ್ನು ಬದಲಿಸದೆ ಔಷಧಿಯೊಂದನ್ನೇ ನಂಬಿ ಕೂತರೆ ಮಗುವಿನ ಕಾಲು ನೆಟ್ಟಗಾಗದು.

ಮನೆಯಲ್ಲಿ ಏನು ಮಾಡಬಹುದು? ಬಿಸಿಲು ಸರಿಯಾಗಿದೆಯೇ ಎಂದು ತಿಳಿಯಲು ಗಡಿಯಾರ ಬೇಡ, ನಿಮ್ಮ ನೆರಳನ್ನು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಅದು ತಕ್ಕ ಹೊತ್ತು. ಮುಖ, ತೋಳು, ಕಾಲುಗಳಿಗೆ 15ರಿಂದ 30 ನಿಮಿಷ ಬಿಸಿಲು ತಾಗಲಿ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಮುಗಿಸಿ; ನಡುಹಗಲಿನ ಉರಿ ಬೇಡ. ಚಳಿಗಾಲದಲ್ಲಿ ಮಧ್ಯಾಹ್ನವೇ ಲೇಸು.

ಊಟದಲ್ಲಿ ಹಾಲು, ಮೊಸರು, ಮಜ್ಜಿಗೆ ಇರಲಿ. ರೊಟ್ಟಿಯ ಜೊತೆಗೆ ವಾರಕ್ಕೆ ಕೆಲವು ದಿನ ರಾಗಿ ಅಂಬಲಿ, ನುಗ್ಗೆಸೊಪ್ಪು ಸೇರಿಸಿ. ಮೊಟ್ಟೆ, ಮೀನು ತಿನ್ನುವವರಿಗೆ ಅದರಿಂದಲೂ ಸ್ವಲ್ಪ 'ಡಿ' ದೊರೆಯುತ್ತದೆ. ಪೊಟ್ಟಣದ ಮೇಲೆ '+ಎಫ್' ಗುರುತಿರುವ ಹಾಲು, ಎಣ್ಣೆಗಳಿಗೆ ಇದನ್ನು ಸೇರಿಸಿರುತ್ತಾರೆ.

ಬಾಣಂತಿ ಕೋಣೆಯ ಕತ್ತಲಲ್ಲೇ ತಿಂಗಳುಗಟ್ಟಲೆ ಇರುವ ತಾಯಿ ಮತ್ತು ಕೂಸಿನ ಬಗ್ಗೆ ವಿಶೇಷ ಗಮನವಿರಲಿ. ತಾಯಿಯ ಹಾಲು ಅಮೃತವೇ, ಆದರೆ ಅದರಲ್ಲಿ ಈ ಜೀವಸತ್ವ ಅತ್ಯಲ್ಪ. ಆದ್ದರಿಂದ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿಗಳನ್ನು ಕೊಡುವಂತೆ ಮಕ್ಕಳ ತಜ್ಞರು ಹೇಳುತ್ತಾರೆ.

ದೊಡ್ಡವರಿಗೆ ದಿನಕ್ಕೆ ಬೇಕಾದುದು ಸುಮಾರು 600 ಯೂನಿಟ್. ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆಯನ್ನು ವೈದ್ಯರು ವಾರಕ್ಕೊಂದರಂತೆ, ಅದೂ ಕೆಲವೇ ವಾರ ಕೊಡುತ್ತಾರೆ. 'ಶಕ್ತಿ ಬರಲಿ' ಎಂದು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ದಾಹ, ಮಲಬದ್ಧತೆ ಉಂಟಾಗಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಇದು ಸರ್ವರೋಗಕ್ಕೆ ಮದ್ದೂ ಅಲ್ಲ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಕ್ಯಾನ್ಸರ್ ಆಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ.

ಮಗುವಿನ ಕಾಲು ಬಾಗುತ್ತಿದೆ ಎನಿಸಿದರೆ 'ಬೆಳೆದಂತೆ ಸರಿಹೋದೀತು' ಎಂದು ಕಾಯದೆ ಆಸ್ಪತ್ರೆಗೆ ತೋರಿಸಿ. ಎಳೆಯ ಎಲುಬು ಚಿಕಿತ್ಸೆಗೆ ಬೇಗ ಮಣಿಯುತ್ತದೆ. ಬಲಿತ ಮೇಲೆ ಶಸ್ತ್ರಕ್ರಿಯೆಯೇ ಬೇಕಾದೀತು.