ಚಳಿ ಊರಿನ ಬಾಳೆ ಬೇಗ ಗೊನೆ ಬಿಡಬೇಕಾ? ಮೊದಲು ಎಲೆ ಎಣಿಸಿ

ಮೂರು ವರ್ಷದ ಹಿಂದೆ ಮಾರ್ಚ್ ಕೊನೇ ವಾರ ಅವ್ವನ ಸರ ಅಡವಿಟ್ಟು 300 ಜಿ-9 ಟಿಶ್ಯೂ ಕಲ್ಚರ್ ಸಸಿ ತಂದೆ. ನಮ್ಮದು ಸೋಮವಾರಪೇಟೆ ಕಡೆ. ಕಾಫಿ ತೋಟದ ಅಂಚಿನ ಹತ್ತು ಗುಂಟೆಯಲ್ಲಿ 6 ಅಡಿಗೊಂದರಂತೆ ನೆಟ್ಟೆ. ಅದೇ ವಾರ ನೆಟ್ಟ ಹುಣಸೂರಿನ ಗೆಳೆಯನ ತೋಟದಲ್ಲಿ ನವೆಂಬರ್‌ಗೇ ಗೊನೆ ಬಂತು. ದಿನಾ ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತಿದ್ದ. ನನ್ನ ಗಿಡಗಳು ಸುಮ್ಮನೆ ನಿಂತಿದ್ದವು.

ಔಷಧಿ ಅಂಗಡಿಯಲ್ಲಿ ಕೇಳಿದರೆ, "ಅನಾನಸ್‌ಗೆ ಹೂ ಬರಿಸೋಕೆ ಎಥಿಫಾನ್ ಹೊಡೀತಾರಲ್ಲ, ಬಾಳೆಗೂ ಹೊಡೀರಿ" ಅಂದರು. ಇಪ್ಪತ್ತು ಗಿಡಕ್ಕೆ ಹೊಡೆದೆ. ಗೊನೆ ಬರಲಿಲ್ಲ, ಎಲೆ ಹಳದಿಯಾಗಿ ಜೋತುಬಿದ್ದವು. ಅನಾನಸ್ ಆ ಔಷಧಿಗೆ ಹೂ ಬಿಡುತ್ತೆ, ಬಾಳೆ ಬಿಡಲ್ಲ. ಬಾಳೆಯಲ್ಲಿ ಎಥಿಫಾನ್‌ಗೆ ಕೆಲಸ ಇರೋದು ಕಾಯಿ ಹಣ್ಣು ಮಾಡೋಕೆ ಮಾತ್ರ. ದಯವಿಟ್ಟು ಯಾರೂ ಆ ಪ್ರಯೋಗಕ್ಕೆ ಹೋಗಬೇಡಿ.

ಉಳಿದ ಗಿಡಗಳಲ್ಲಿ ಡಿಸೆಂಬರ್ ಕೊನೆಗೆ ಗೊನೆ ಇಣುಕಿತು. ಆಗ ರಾತ್ರಿ 14 ಡಿಗ್ರಿಗಿಂತ ಕೆಳಗೆ ಇಳೀತಿತ್ತು. ಅಷ್ಟು ಚಳಿಯಲ್ಲಿ ಗೊನೆಯ ತೊಟ್ಟು ಉದ್ದವಾಗಲ್ಲ, ಗೊನೆ ದಿಂಡಿನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ಕೆಲವು ದಿಂಡು ಸೀಳಿಕೊಂಡು ಪಕ್ಕದಿಂದ ಹೊರಬಂದವು. ಕಾಯಿ ಸೊಟ್ಟ. ವ್ಯಾಪಾರಿ ನೋಡಿ ಗಾಡಿ ತಿರುಗಿಸಿಕೊಂಡು ಹೋದ. ಅವ್ವ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕೂತು ತಿಳಿದುಕೊಂಡದ್ದು ಇಷ್ಟು. ಬಾಳೆ ತಿಂಗಳ ಲೆಕ್ಕದಲ್ಲಿ ಗೊನೆ ಬಿಡಲ್ಲ, ಎಲೆ ಲೆಕ್ಕದಲ್ಲಿ ಬಿಡುತ್ತೆ. ಸುಮಾರು 30ರಿಂದ 40 ಎಲೆ ಬಿಟ್ಟ ಮೇಲೇ ಗೊನೆ. ಬಿಸಿಲುಕಾಲದಲ್ಲಿ ವಾರ, ಹತ್ತು ದಿನಕ್ಕೊಂದು ಎಲೆ ಬಿಚ್ಚುತ್ತೆ. ಚಳಿಯಲ್ಲಿ ಅದೇ ಎಲೆಗೆ ಇಪ್ಪತ್ತು ದಿನ ಬೇಕು. ಇನ್ನೊಂದು ವಿಷಯ: ಗೊನೆ ಕಣ್ಣಿಗೆ ಬೀಳೋ ಸುಮಾರು ಮೂರು ತಿಂಗಳ ಮುಂಚೆ, ಇನ್ನೂ ಹತ್ತು ಹನ್ನೊಂದು ಎಲೆ ಬಾಕಿ ಇರುವಾಗಲೇ ಗಡ್ಡೆಯೊಳಗೆ ಹೂ ಮೊಳಕೆ ಕಟ್ಟಿರುತ್ತೆ. ಎಷ್ಟು ಚಿಪ್ಪು ಅನ್ನೋದು ಆಗಲೇ ತೀರ್ಮಾನ. ಗೊನೆ ಬಂದ ಮೇಲೆ ಗೊಬ್ಬರ ಸುರಿದರೆ ಕಾಯಿ ದಪ್ಪ ಆದೀತು, ಚಿಪ್ಪು ಹೆಚ್ಚಲ್ಲ.

ಅಂದರೆ ಬೇಗ ಗೊನೆ ಬೇಕಾದರೆ ಎಲೆ ಬೇಗ ಬಿಡಿಸಬೇಕು. ಮೊಳಕೆ ಕಟ್ಟೋದು, ಗೊನೆ ಹೊರಬರೋದು ಎರಡನ್ನೂ ಚಳಿಗಾಲದಿಂದ ತಪ್ಪಿಸಬೇಕು.

ಮುಂದಿನ ಸಲ ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಆಗಸ್ಟ್ ಕೊನೆಗೆ ನೆಟ್ಟೆ. ಎಳೆ ಗಿಡ ಚಳಿ ತಡೆದುಕೊಂಡಿತು, ಫೆಬ್ರವರಿಯಿಂದ ಓಡಿತು. ಅದಕ್ಕೆ ಮುಂಚೆ ಸಿಲ್ವರ್ ಓಕ್ ಕೊಂಬೆ ಸವರಿಸಿದ್ದೆ. ನೆರಳಲ್ಲಿ ಬಾಳೆ ತಡ ಮಾಡುತ್ತೆ, ಕಾಫಿ ಮಧ್ಯೆ ಬಾಳೆ ಇಟ್ಟವರು ಇದನ್ನು ಮರೀತಾರೆ. ಬುಡಕ್ಕೆ ದಪ್ಪಗೆ ಹೊದಿಸಿದ್ದ ತರಗೆಲೆಯನ್ನು ಚಳಿಯಲ್ಲಿ ಪಕ್ಕಕ್ಕೆ ಸರಿಸಿ ಮಣ್ಣಿಗೆ ಬಿಸಿಲು ಬೀಳೋ ಹಾಗೆ ಮಾಡಿದೆ, ಬೇಸಿಗೆಗೆ ಮತ್ತೆ ಹೊದಿಸಿದೆ. ತಿಂಗಳಿಗೊಮ್ಮೆ ಕಂದು ಕಡಿದೆ. ಹಸಿರೆಲೆ ಮಾತ್ರ ಕಡಿಯಲಿಲ್ಲ. ಮದುವೆ ಮನೆಯವರು ಊಟದ ಎಲೆ ಕೇಳಿಕೊಂಡು ಬಂದರೂ ಕೊಡಲಿಲ್ಲ, ಸ್ವಲ್ಪ ಮುನಿಸೂ ಆಯ್ತು. ಯೂರಿಯಾ, ಪೊಟ್ಯಾಷ್ ಕಂತು ಕಂತಾಗಿ ಕೊಟ್ಟೆ, ಮಾರ್ಚ್ ಕಂತು ತಪ್ಪಿಸಲಿಲ್ಲ.

ಮೊಬೈಲ್ ಕೆಲಸಕ್ಕೆ ಬಂದದ್ದು ಇಲ್ಲಿ. ಸಾಲಿಗೊಂದು ಗಿಡ ಗುರುತು ಮಾಡಿ, ಹೊಸ ಎಲೆ ಬಿಚ್ಚಿದಾಗೆಲ್ಲ ತೊಟ್ಟಿನ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದು ಫೋಟೋ ತೆಗೆದಿಡ್ತಿದ್ದೆ. ತಾರೀಖು ಫೋಟೋದಲ್ಲೇ ಇರುತ್ತೆ. ಎರಡು ಎಲೆ ನಡುವೆ ದಿನ ಜಾಸ್ತಿಯಾದರೆ ನೀರೋ ಗೊಬ್ಬರವೋ ಬೇರಿಗೆ ರೋಗವೋ ಅಂತ ಆಗಲೇ ಹುಡುಕಬಹುದು.

ಜೂನ್ ಎರಡನೇ ವಾರ ಗೊನೆ ಶುರುವಾಯ್ತು. ಸಲೀಸಾಗಿ ಬಾಗಿದವು, ಹೆಚ್ಚಿನವಕ್ಕೆ ಎಂಟೊಂಬತ್ತು ಚಿಪ್ಪು. ಆದರೆ ನಮ್ಮ ಕಡೆ ಜೂನ್ ಅಂದರೆ ಗಾಳಿ ಮಳೆ. ಬಿದಿರು ಊರುಗೋಲು ಕೊಡೋದು ಎರಡು ದಿನ ತಡ ಮಾಡಿದ್ದಕ್ಕೆ 11 ಗಿಡ ಮಲಗಿದವು. ಈ ದಾರಿ ಹಿಡಿಯೋರು ಮೇ ತಿಂಗಳಲ್ಲೇ ಬಿದಿರು ಕಡಿದಿಟ್ಟುಕೊಳ್ಳಿ. ಉಳಿದವು ಆಯುಧಪೂಜೆ ಹೊತ್ತಿಗೆ ಕಟಾವಿಗೆ ಬಂದವು. ಹಬ್ಬದ ರೇಟು ಸಿಕ್ಕಿತು.

ಸರ ಬಿಡಿಸಿಕೊಂಡು ಬಂದು ಕೊಟ್ಟಾಗ ಅವ್ವ, "ಮತ್ತೆ ಅಡ ಇಡೋ ಹಂಗಿದ್ರೆ ಮೊದ್ಲೇ ಹೇಳ್ಬುಡು ಮಗ, ಹಾಕ್ಕೊಳೋದೇ ಇಲ್ಲ" ಅಂದರು.