ಆಲನ್ ಆಲ್ಡಾ: ಶಸ್ತ್ರಚಿಕಿತ್ಸೆಯ ಡೇರೆಯಿಂದ ವಿಜ್ಞಾನಿಗಳ ತರಗತಿಗೆ

ಆಲನ್ ಆಲ್ಡಾ ಅಮೆರಿಕದ ಕಿರುತೆರೆಯ ನಟ, ಬರಹಗಾರ, ನಿರ್ದೇಶಕ. 1972ರಿಂದ 1983ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ‘ಮ್ಯಾಶ್’ ಧಾರಾವಾಹಿಯಲ್ಲಿ ಹಾಕ್‌ಐ ಪಿಯರ್ಸ್ ಎಂಬ ಸೇನಾ ಶಸ್ತ್ರವೈದ್ಯನ ಪಾತ್ರ ಮಾಡಿ ಅಲ್ಲಿ ಮನೆಮಾತಾದರು. ಒಂದೇ ಧಾರಾವಾಹಿಗಾಗಿ ನಟನೆ, ನಿರ್ದೇಶನ, ಬರವಣಿಗೆ ಮೂರಕ್ಕೂ ಎಮ್ಮಿ ಪ್ರಶಸ್ತಿ ಪಡೆದ ಮೊದಲಿಗರು ಅವರೇ. ಇಷ್ಟಕ್ಕೇ ನಿಂತಿದ್ದರೆ ಅವರದು ಯಶಸ್ವಿ ನಟರೊಬ್ಬರ ಕಥೆಯಾಗಿ ಮುಗಿಯುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸ ಬೇರೆಯೇ: ರಂಗಭೂಮಿಯ ತಾಲೀಮನ್ನು ವಿಜ್ಞಾನಿಗಳಿಗೂ ವೈದ್ಯರಿಗೂ ಕಲಿಸುವುದು. ಎದುರಿಗಿರುವವರನ್ನು ನಿಜವಾಗಿ ಕೇಳಿಸಿಕೊಳ್ಳುವುದೇ ನಟನೆ ಎಂಬ ತಿಳಿವಳಿಕೆ ಈ ಎರಡೂ ಬದುಕುಗಳನ್ನು ಬೆಸೆದಿದೆ.

ಅವರು ಹುಟ್ಟಿದ್ದು 1936ರ ಜನವರಿ 28ರಂದು, ನ್ಯೂಯಾರ್ಕ್ ನಗರದಲ್ಲಿ. ಹುಟ್ಟುಹೆಸರು ಅಲ್ಫಾನ್ಸೊ ಜೋಸೆಫ್ ಡಿ’ಅಬ್ರುಝೊ. ಇಟಲಿ ಮೂಲದ ತಂದೆಯೂ ನಟರು. ಅಲ್ಫಾನ್ಸೊದ ‘ಅಲ್’, ಡಿ’ಅಬ್ರುಝೊದ ‘ಡ’ ಎರಡನ್ನೂ ಕೂಡಿಸಿ ಅವರು ರಾಬರ್ಟ್ ಆಲ್ಡಾ ಎಂಬ ರಂಗನಾಮ ಕಟ್ಟಿಕೊಂಡಿದ್ದರು. ಮಗನೂ ಆಲ್ಡಾ ಎಂಬುದನ್ನೇ ಮುಂದುವರಿಸಿದರು. ತಂದೆ ಹಾಡುತ್ತಿದ್ದುದು ಬರ್ಲೆಸ್ಕ್ ಎಂಬ ಅಗ್ಗದ ವಿನೋದಾವಳಿಗಳಲ್ಲಿ. ಹೀಗಾಗಿ ಹುಡುಗನ ಬಾಲ್ಯ ಕಳೆದದ್ದು ಸೈಡ್‌ವಿಂಗ್‌ನಲ್ಲಿ, ವಿದೂಷಕರ ಬೆನ್ನು ನೋಡುತ್ತಾ. ಪ್ರೇಕ್ಷಕರು ಮುಂದಿನಿಂದ ಕಾಣುವುದನ್ನು ಪಕ್ಕದಿಂದ ಕಂಡವನಿಗೆ ನಗು ಹೇಗೆ ಹುಟ್ಟುತ್ತದೆ ಎಂಬುದು ಬೇಗ ತಿಳಿಯಿತು. ಮುಂದೆ ತಂದೆಗೂ ಒಳ್ಳೆಯ ದಿನ ಬಂತು: 1945ರಲ್ಲಿ ಸಿನಿಮಾದಲ್ಲಿ ಸಂಗೀತಗಾರ ಜಾರ್ಜ್ ಗರ್ಶ್ವಿನ್ ಪಾತ್ರ, 1950ರಲ್ಲಿ ಬ್ರಾಡ್‌ವೇಯ ‘ಗೈಸ್ ಅಂಡ್ ಡಾಲ್ಸ್’ ಸಂಗೀತ ನಾಟಕದ ಮುಖ್ಯ ಪಾತ್ರ, ಅದಕ್ಕೆ ಟೋನಿ ಪ್ರಶಸ್ತಿ.

ಏಳನೇ ವಯಸ್ಸಿನಲ್ಲಿ ಹುಡುಗನಿಗೆ ಪೋಲಿಯೊ ತಗುಲಿತು. ಲಸಿಕೆ ಇನ್ನೂ ಬಂದಿರದ ಕಾಲ. ಕೈಕಾಲುಗಳನ್ನು ಅಲುಗಾಡದಂತೆ ಕಟ್ಟಿಹಾಕುವುದೇ ಆಗಿನ ರೂಢಿಯ ಚಿಕಿತ್ಸೆ. ಆಸ್ಟ್ರೇಲಿಯಾದ ದಾದಿ ಎಲಿಜಬೆತ್ ಕೆನ್ನಿ ಅದಕ್ಕೆ ವಿರುದ್ಧವಾದ ದಾರಿ ತೋರಿಸಿದ್ದರು: ಬಿಸಿನೀರಿನಲ್ಲಿ ಅದ್ದಿದ ಉಣ್ಣೆಬಟ್ಟೆಯನ್ನು ಸ್ನಾಯುಗಳಿಗೆ ಸುತ್ತಿ, ಆಮೇಲೆ ನೀವಿ ಎಳೆದು ಮತ್ತೆ ಚಲನೆ ಕೊಡುವುದು. ದಾದಿಯರನ್ನು ಇಟ್ಟುಕೊಳ್ಳುವಷ್ಟು ಅನುಕೂಲವಿಲ್ಲದ ತಂದೆತಾಯಿ ಆ ಕೆಲಸವನ್ನು ತಾವೇ ಮಾಡಿದರು. ಮಗ ನೋವಿಗೆ ಕಿರುಚುತ್ತಿದ್ದರೂ ಸುಡುವ ಬಟ್ಟೆ ಸುತ್ತಬೇಕಿತ್ತು. ಹುಡುಗ ಕುಂಟಿಲ್ಲದೆ ಎದ್ದು ನಡೆದ. ಮನೆಯಲ್ಲಿ ಇನ್ನೊಂದು ಕಷ್ಟವೂ ಇತ್ತು. ತಾಯಿಗೆ ಮನೋರೋಗ. ಅವರು ಹೇಳುವುದರಲ್ಲಿ ಯಾವುದು ನಿಜ, ಯಾವುದು ಭ್ರಮೆ ಎಂದು ಅವರ ಮುಖ ನೋಡಿಯೇ ಅಳೆಯುವ ಎಚ್ಚರ ಚಿಕ್ಕಂದಿನಲ್ಲೇ ಬಂತು ಎಂದು ಆಲ್ಡಾ 2005ರ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಯಾವ ನಾಟಕಶಾಲೆಯೂ ಕಲಿಸದ ಪಾಠವದು. ಯಾವ ಮಗುವೂ ಹಾಗೆ ಕಲಿಯಬಾರದು.

1956ರಲ್ಲಿ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು. ಮರುವರ್ಷ ಕ್ಲಾರಿನೆಟ್ ವಾದಕಿ ಆರ್ಲೀನ್ ಅವರೊಡನೆ ಮದುವೆ. ಗೆಳೆಯರ ಮನೆಯ ಊಟವೊಂದರಲ್ಲಿ ರಮ್ ಕೇಕ್ ಅಡುಗೆಮನೆಯ ನೆಲಕ್ಕೆ ಬಿದ್ದುಹೋದಾಗ, ಚಮಚ ಹಿಡಿದು ಅದನ್ನು ತಿನ್ನಲು ಕೂತವರು ಇವರಿಬ್ಬರೇ. ಪರಿಚಯ ಪ್ರೀತಿಗೆ ತಿರುಗಿದ್ದು ಅಲ್ಲಿ. ಆರ್ಲೀನ್ ಮುಂದೆ ಛಾಯಾಗ್ರಾಹಕಿಯಾಗಿ, ಮಕ್ಕಳ ಪುಸ್ತಕಗಳ ಲೇಖಕಿಯಾಗಿ ಹೆಸರು ಮಾಡಿದರು.

ನಟನ ಮೊದಲ ಹದಿನೈದು ವರ್ಷ ಬೇರೆ ಬೇರೆ ಪಾತ್ರಗಳಲ್ಲಿ ಕಳೆಯಿತು. ಆ ವರ್ಷಗಳಲ್ಲಿ ತೂಕದ್ದು ಆಶು ಅಭಿನಯದ ತರಬೇತಿ. ವಯೋಲಾ ಸ್ಪೋಲಿನ್ ಎಂಬ ರಂಗಶಿಕ್ಷಕಿ ಆಟಗಳ ಮೂಲಕ ಅಭಿನಯ ಕಲಿಸುವ ಕ್ರಮವೊಂದನ್ನು ರೂಪಿಸಿದ್ದರು. ಅವರ ಮಗ ಪಾಲ್ ಸಿಲ್ಸ್ ನ್ಯೂಯಾರ್ಕಿನಲ್ಲಿ ಅದೇ ಆಟಗಳನ್ನು ನಡೆಸುತ್ತಿದ್ದಾಗ ಆಲ್ಡಾ ಅವರ ಬಳಿ ಪಳಗಿದರು. ಬರೆದಿಟ್ಟ ಮಾತಿಲ್ಲ, ಮುಂದೇನು ಎಂಬ ಸುಳಿವಿಲ್ಲ. ಜೊತೆಗಾರ ಕೊಟ್ಟದ್ದನ್ನು ಹಿಡಿದುಕೊಳ್ಳದೆ ಒಂದು ಹೆಜ್ಜೆಯೂ ಸಾಗದು. ನಟ ತನ್ನ ಸರದಿಗಾಗಿ ಕಾಯುವುದನ್ನು ಬಿಟ್ಟು, ಇನ್ನೊಬ್ಬರ ಮಾತಿಗೆ ತಾನು ಬದಲಾಗಲು ಒಪ್ಪಬೇಕು. ಈ ಪಾಠ ಅವರನ್ನು ಎಂದೂ ಬಿಡಲಿಲ್ಲ.

‘ಮ್ಯಾಶ್’ ಚಿತ್ರಕಥೆ ಕೈಗೆ ಬಂದಾಗ ಆಲ್ಡಾ ಯೂಟಾ ರಾಜ್ಯದ ಸೆರೆಮನೆಯೊಂದರಲ್ಲಿ ಟಿವಿ ಚಿತ್ರದ ಚಿತ್ರೀಕರಣದಲ್ಲಿದ್ದರು. ಮ್ಯಾಶ್ ಎಂದರೆ ರಣರಂಗದ ಹತ್ತಿರ ಡೇರೆ ಹಾಕಿಕೊಂಡು ಗಾಯಾಳು ಸೈನಿಕರಿಗೆ ಶಸ್ತ್ರಚಿಕಿತ್ಸೆ ನಡೆಸುವ ಸಂಚಾರಿ ಸೇನಾ ಆಸ್ಪತ್ರೆ. ಕೊರಿಯಾ ಯುದ್ಧದಲ್ಲಿ ಅಂಥ ಆಸ್ಪತ್ರೆಯಲ್ಲಿ ದುಡಿದ ವೈದ್ಯರೊಬ್ಬರು ರಿಚರ್ಡ್ ಹೂಕರ್ ಎಂಬ ಕಾವ್ಯನಾಮದಲ್ಲಿ 1968ರಲ್ಲಿ ಕಾದಂಬರಿ ಬರೆದರು, 1970ರಲ್ಲಿ ರಾಬರ್ಟ್ ಆಲ್ಟ್‌ಮನ್ ಅದನ್ನು ಸಿನಿಮಾ ಮಾಡಿದರು, ಧಾರಾವಾಹಿ ಹುಟ್ಟಿದ್ದು ಅದರಿಂದ. ಬರಹ ಆಲ್ಡಾಗೆ ಹಿಡಿಸಿತು. ಅಳುಕೂ ಇತ್ತು: ಯುದ್ಧವನ್ನು ತಮಾಷೆಯ ಶಿಬಿರದಂತೆ ತೋರಿಸಿದರೆ ಅದು ಸೈನ್ಯದ ಜಾಹೀರಾತಾಗುತ್ತದೆ. ಲೇಖಕ ಲ್ಯಾರಿ ಗೆಲ್ಬಾರ್ಟ್, ನಿರ್ಮಾಪಕ ಜೀನ್ ರೆನಾಲ್ಡ್ಸ್ ಇಬ್ಬರನ್ನೂ ತಾಲೀಮಿಗೆ ಮುನ್ನ ಭೇಟಿಯಾಗಿ, ಯುದ್ಧದ ಕ್ರೌರ್ಯ ಮರೆಯಾಗಬಾರದು ಎಂಬ ಮಾತು ಪಡೆದ ಮೇಲೆಯೇ ಒಪ್ಪಿಕೊಂಡರು. ಕೊರಿಯಾದ ಹೆಸರಿನಲ್ಲಿ ಬಂದ ಈ ಕಥೆಯನ್ನು ಅಮೆರಿಕದ ಮನೆಗಳು ನೋಡತೊಡಗಿದ್ದು ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದಾಗ.

ಹಾಕ್‌ಐ ಪಿಯರ್ಸ್ ಒಲ್ಲದ ಮನಸ್ಸಿನಿಂದ ಸೈನ್ಯ ಸೇರಿದವನು. ಮೇಲಧಿಕಾರಿಗಳನ್ನು ಕಾಡುತ್ತಾನೆ, ಡೇರೆಯಲ್ಲೇ ಸಾರಾಯಿ ಇಳಿಸುತ್ತಾನೆ, ಬಾಯಿ ಬಿಟ್ಟರೆ ಚಟಾಕಿ. ಮೇಜಿನ ಮೇಲೆ ಗಾಯಾಳು ಮಲಗಿದ ಕೂಡಲೇ ಬೇರೆಯೇ ಮನುಷ್ಯ. ಅಲ್ಲೂ ಚಟಾಕಿ ನಿಲ್ಲುವುದಿಲ್ಲ, ಆದರೆ ಅದು ಹುಚ್ಚು ಹಿಡಿಯದಂತೆ ತಡೆಯುವ ಊರುಗೋಲಾಗುತ್ತದೆ. ಆಗಿನ ಅನೇಕ ಹಾಸ್ಯ ಧಾರಾವಾಹಿಗಳಿಗೆ ಮೊದಲೇ ಮುದ್ರಿಸಿಟ್ಟ ನಗುವನ್ನು ಹಿನ್ನೆಲೆಯಲ್ಲಿ ಸೇರಿಸುತ್ತಿದ್ದರು. ವಾಹಿನಿ ಇಲ್ಲೂ ಅದನ್ನೇ ಕೇಳಿತು. ತಂಡ ಬಗ್ಗಲಿಲ್ಲ, ಕೊನೆಗೆ ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಿ ನಗು ಬೇಡ ಎಂಬ ಒಪ್ಪಂದವಾಯಿತು. ಆ ಡೇರೆಯಲ್ಲಿ ಕೇಳುವುದು ಉಪಕರಣಗಳ ಸದ್ದು, ದಣಿದ ಮಾತು ಅಷ್ಟೆ. ನಗುವೂ ಸಾವೂ ಒಂದೇ ಅರ್ಧಗಂಟೆಯಲ್ಲಿ ಒಂದನ್ನೊಂದು ಕೆಡಿಸದೆ ಉಳಿದಿರುವುದಕ್ಕೆ ಆ ಮೌನದ ಪಾಲು ದೊಡ್ಡದು.

ಮೊದಲ ವರ್ಷ ವೀಕ್ಷಕರು ಕಡಿಮೆ. ಎರಡನೇ ವರ್ಷ ಶನಿವಾರ ರಾತ್ರಿಗೆ, ಜನಪ್ರಿಯ ‘ಆಲ್ ಇನ್ ದ ಫ್ಯಾಮಿಲಿ’ಯ ಬೆನ್ನಿಗೆ ಬಂದದ್ದೇ ಧಾರಾವಾಹಿಯ ಅದೃಷ್ಟ ಖುಲಾಯಿಸಿತು. 1975ರ ಮಾರ್ಚ್‌ನಲ್ಲಿ ಬಂದ ಕಂತೊಂದು ಇಂದಿಗೂ ಚರ್ಚೆಯಲ್ಲಿದೆ. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್ ಬಿಡುಗಡೆಯಾಗಿ ಊರಿಗೆ ಹೊರಡುತ್ತಾನೆ, ಎಲ್ಲರೂ ನಕ್ಕು ಕಳಿಸಿಕೊಡುತ್ತಾರೆ. ಕೊನೆಯ ದೃಶ್ಯದಲ್ಲಿ ಅವನ ವಿಮಾನ ಹೊಡೆದುರುಳಿಸಲ್ಪಟ್ಟ ಸುದ್ದಿ ಶಸ್ತ್ರಚಿಕಿತ್ಸೆಯ ಡೇರೆಗೆ ಬರುತ್ತದೆ. ಆ ಪುಟವನ್ನು ಚಿತ್ರೀಕರಣದ ಹೊತ್ತಿನವರೆಗೂ ಬಚ್ಚಿಡಲಾಗಿತ್ತು. ಕಲಾವಿದರ ಪೈಕಿ ಮೊದಲೇ ಗೊತ್ತಿದ್ದುದು ಆಲ್ಡಾಗೆ ಮಾತ್ರ. ಮುಖಗವಸಿನ ಮೇಲಿನ ಕಣ್ಣುಗಳಲ್ಲಿ ಕಾಣುವ ಆಘಾತ ಬಹುಮಟ್ಟಿಗೆ ನಿಜವಾದದ್ದು.

ಹನ್ನೊಂದು ಸೀಸನ್‌ಗಳಲ್ಲಿ ಕಂತುಗಳು 250ನ್ನು ದಾಟಿದವು. ಎಲ್ಲದರಲ್ಲೂ ಕಾಣಿಸಿಕೊಂಡ ನಟ ಆಲ್ಡಾ ಒಬ್ಬರೇ. ಅವುಗಳಲ್ಲಿ 32ನ್ನು ಅವರು ನಿರ್ದೇಶಿಸಿದರು, 19ರ ಬರವಣಿಗೆಯಲ್ಲಿ ಕೈ ಜೋಡಿಸಿದರು. 1979ರಲ್ಲಿ ಬರವಣಿಗೆಗೆ ಎಮ್ಮಿ ಬಂದಾಗ ವೇದಿಕೆಗೆ ಹೋಗುವ ದಾರಿಯಲ್ಲೇ ಸಂತೋಷಕ್ಕೆ ಲಾಗ ಹೊಡೆದರು. ಅಷ್ಟೂ ವರ್ಷ ಸಂಸಾರ ನ್ಯೂಜೆರ್ಸಿಯಲ್ಲೇ ಇತ್ತು. ಶಾಲೆಗೆ ಹೋಗುವ ಮೂವರು ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕಿತ್ತುಹಾಕಲು ಮನಸ್ಸಿಲ್ಲದೆ, ವಾರ ಮುಗಿದೊಡನೆ ಲಾಸ್ ಏಂಜಲೀಸ್‌ನಿಂದ ದೇಶದ ಇನ್ನೊಂದು ತುದಿಗೆ ಹಾರಿ, ಸೋಮವಾರಕ್ಕೆ ಮರಳುತ್ತಿದ್ದರು. ಸ್ತ್ರೀಪುರುಷ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಗಾಗಿ ಊರೂರು ತಿರುಗಿ ಮಾತಾಡಿದ್ದೂ ಇದೇ ಕಾಲದಲ್ಲಿ. ಬೇಕಿದ್ದ 38 ರಾಜ್ಯಗಳ ಪೈಕಿ 35ರ ಒಪ್ಪಿಗೆಗೆ ನಿಂತು 1982ರಲ್ಲಿ ಆ ತಿದ್ದುಪಡಿಯ ಗಡುವು ಮುಗಿದುಹೋಯಿತು.

ಚಿತ್ರೀಕರಣದ ನಡುವೆ ಬಿಡುವು ಸಿಕ್ಕಾಗ ನಟರು ತಂತಮ್ಮ ಕೋಣೆಗೆ ಹೋಗುತ್ತಿರಲಿಲ್ಲ. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿಕೊಂಡು ಒಬ್ಬರನ್ನೊಬ್ಬರು ಕಾಡಿಸುತ್ತಾ ಕೂರುತ್ತಿದ್ದರು. ಕ್ಯಾಮೆರಾ ಮುಂದಿನ ಹೊಂದಾಣಿಕೆ ಹದಗೊಂಡದ್ದು ಆ ಕುರ್ಚಿಗಳಲ್ಲಿ ಎಂದು ಆಲ್ಡಾ ಹೇಳುತ್ತಾ ಬಂದಿದ್ದಾರೆ. ಮುಂದೆ ತಾವು ಕೆಲಸ ಮಾಡಿದ ಕಡೆಯಲ್ಲೂ ಆ ರೂಢಿಯನ್ನು ತರಲು ನೋಡಿದರು.

1983ರ ಫೆಬ್ರುವರಿ 28ರ ಕೊನೆಯ ಕಂತು ಎರಡೂವರೆ ಗಂಟೆಯದು, ಆಲ್ಡಾ ಅವರದೇ ನಿರ್ದೇಶನ. ಅದನ್ನು ನೋಡಿದವರು ಸುಮಾರು 10.6 ಕೋಟಿ ಜನ. ಕಥೆ ಆರಂಭವಾಗುವಾಗ ಹಾಕ್‌ಐ ಮನೋರೋಗ ಆಸ್ಪತ್ರೆಯಲ್ಲಿದ್ದಾನೆ. ಶತ್ರು ಸೈನಿಕರಿಗೆ ಸುಳಿವು ಸಿಗದಿರಲೆಂದು ಬಸ್ಸಿನ ದೀಪ ಆರಿಸಿ ಕೂತಿದ್ದಾಗ ಹಳ್ಳಿಯ ಹೆಂಗಸೊಬ್ಬಳು ಕೂಗುವ ಕೋಳಿಯ ಉಸಿರುಗಟ್ಟಿಸಿದಳು ಎಂಬುದು ಅವನ ನೆನಪು. ವೈದ್ಯ ಮೆಲ್ಲಗೆ ಬಿಡಿಸುತ್ತಾ ಹೋದಂತೆ ಅದು ಕೋಳಿಯಲ್ಲ, ಅವಳ ಕೂಸು ಎಂದು ತೆರೆದುಕೊಳ್ಳುತ್ತದೆ. ಸದ್ದಡಗಿಸು ಎಂದು ಗದರಿದವನು ಹಾಕ್‌ಐಯೇ. ಹನ್ನೊಂದು ವರ್ಷ ದೇಶವನ್ನು ನಗಿಸಿದ ಪಾತ್ರವನ್ನು ಹೀಗೆ ಮುರಿದು ತೋರಿಸಲು ಎದೆಗಾರಿಕೆ ಬೇಕು. ಮೂರು ವರ್ಷದ ಯುದ್ಧದ ಬಗ್ಗೆ ಹನ್ನೊಂದು ವರ್ಷ ನಡೆದ ಕಥೆ ಇದಕ್ಕಿಂತ ಪ್ರಾಮಾಣಿಕವಾಗಿ ಮುಗಿಯುವುದು ಸಾಧ್ಯವಿರಲಿಲ್ಲ.

ಆಮೇಲಿನ ನಟನೆಯನ್ನು ಬೇಗ ಹೇಳಿಬಿಡಬಹುದು. ಅವರೇ ಬರೆದು ನಿರ್ದೇಶಿಸಿದ ‘ದ ಫೋರ್ ಸೀಸನ್ಸ್’ ಸಿನಿಮಾ 1981ರಲ್ಲೇ ಬಂದಿತ್ತು. ವುಡಿ ಆ್ಯಲನ್ ಅವರ ‘ಕ್ರೈಮ್ಸ್ ಅಂಡ್ ಮಿಸ್‌ಡಿಮೀನರ್ಸ್’ನಲ್ಲಿ ತಾನೇ ತಾನಾಗಿ ಮೆರೆಯುವ ಟಿವಿ ನಿರ್ಮಾಪಕ, ‘ದ ಏವಿಯೇಟರ್’ನಲ್ಲಿ ಸೆನೆಟರ್ (ಅದಕ್ಕೆ ಆಸ್ಕರ್ ನಾಮನಿರ್ದೇಶನ), ‘ದ ವೆಸ್ಟ್ ವಿಂಗ್’ನಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿ ಆರ್ನಲ್ಡ್ ವಿನಿಕ್. ಕೊನೆಯದಕ್ಕೆ 2006ರಲ್ಲಿ ಆರನೇ ಎಮ್ಮಿ ಬಂತು.

ಬದುಕಿನ ಎರಡನೇ ತಿರುವು 1993ರಲ್ಲಿ. ಪಿಬಿಎಸ್ ವಾಹಿನಿಯ ‘ಸೈಂಟಿಫಿಕ್ ಅಮೆರಿಕನ್ ಫ್ರಾಂಟಿಯರ್ಸ್’ ಕಾರ್ಯಕ್ರಮ ನಡೆಸಿಕೊಡಲು ಕರೆ ಬಂದಾಗ, ಬರೆದುಕೊಟ್ಟದ್ದನ್ನು ಓದುವುದಷ್ಟೇ ಆದರೆ ಬೇಡ, ವಿಜ್ಞಾನಿಗಳ ಜೊತೆ ಮಾತಾಡಲು ಬಿಟ್ಟರೆ ಬರುತ್ತೇನೆ ಎಂದರು. ತಿಳಿಯದ್ದನ್ನು ತಿಳಿಯದು ಎಂದು ಹೇಳುತ್ತಾ ಪ್ರಶ್ನೆ ಕೇಳಿದರು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ವಿಜ್ಞಾನಿ ತಮ್ಮ ಕಡೆ ನೋಡಿ ಮಾತಾಡುವಾಗ ಮಾತು ಬೆಚ್ಚಗೆ, ತಿಳಿಯಾಗಿ ಬರುತ್ತದೆ. ಅದೇ ವಿಜ್ಞಾನಿ ಕ್ಯಾಮೆರಾದತ್ತ ತಿರುಗಿದರೆ ಉಪನ್ಯಾಸ ಶುರುವಾಗಿ ಅರ್ಥ ಮಾಯ. ಎದುರಿಗೆ ಕೇಳುವ ಮುಖವಿದ್ದರೆ ಹೇಳುವವರೂ ಬದಲಾಗುತ್ತಾರೆ. ಪಾಲ್ ಸಿಲ್ಸ್ ಅವರ ಆಟದ ಪಾಠ ಪ್ರಯೋಗಾಲಯದಲ್ಲಿ ಮತ್ತೆ ಸಿಕ್ಕಿತ್ತು. ಕಾರ್ಯಕ್ರಮ 2005ರವರೆಗೆ ನಡೆಯಿತು.

2003ರಲ್ಲಿ ಇದೇ ಕಾರ್ಯಕ್ರಮಕ್ಕಾಗಿ ಚಿಲಿ ದೇಶದ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿದ್ದಾಗ ಅವರಿಗೆ ತಡೆಯಲಾರದ ಹೊಟ್ಟೆನೋವು ಬಂತು. ಕರುಳಿಗೆ ಅಡ್ಡಿಯಾಗಿ ರಕ್ತಸಂಚಾರ ನಿಂತಿತ್ತು. ಉಳಿದಿದ್ದುದು ಕೆಲವೇ ಗಂಟೆ. ಲಾ ಸೆರೇನಾ ಊರಿನ ಆಸ್ಪತ್ರೆಯಲ್ಲಿ ವೈದ್ಯರು ಬಾಗಿ, ಕೆಟ್ಟ ಭಾಗ ಕತ್ತರಿಸಿ ತೆಗೆದು ಚೆನ್ನಾಗಿರುವ ಎರಡು ತುದಿ ಸೇರಿಸಿ ಹೊಲಿಯುತ್ತೇವೆ ಎಂದು ಸರಳವಾಗಿ ವಿವರಿಸಿದರು. ಓಹೋ, ಎಂಡ್ ಟು ಎಂಡ್ ಅನಾಸ್ಟೊಮೋಸಿಸ್ ಎಂದರು ರೋಗಿ. ನಿಮಗೆ ಹೇಗೆ ಗೊತ್ತು ಎಂದು ವೈದ್ಯರು ಬೆರಗಾದರೆ, ‘ಮ್ಯಾಶ್’ನಲ್ಲಿ ಎಷ್ಟೋ ಸಲ ಮಾಡಿದ್ದೇನೆ ಎಂಬ ಉತ್ತರ. ಸುಮಾರು ಮೂರು ಅಡಿ ಕರುಳು ತೆಗೆಯಬೇಕಾಯಿತು. ಜೀವ ಉಳಿಯಿತು. ಪರಿಭಾಷೆ ಬಲ್ಲ ವೈದ್ಯರು ಪರಿಭಾಷೆ ಬಿಟ್ಟು ಮಾತಾಡಿದ್ದು ಆಲ್ಡಾ ಮನಸ್ಸಿನಲ್ಲಿ ಉಳಿಯಿತು.

ವಿಜ್ಞಾನಿಗಳಿಗೆ ಮಾತು ಕಲಿಸಬೇಕು ಎಂದು ಅವರು ಸಿಕ್ಕ ಸಿಕ್ಕ ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆಲ್ಲ ಹೇಳಿ ನೋಡಿದರು. ಕಿವಿಗೊಟ್ಟದ್ದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ. 2009ರಲ್ಲಿ ಅಲ್ಲಿ ವಿಜ್ಞಾನ ಸಂವಹನ ಕೇಂದ್ರ ಆರಂಭವಾಯಿತು, 2013ರಲ್ಲಿ ಅದಕ್ಕೆ ಆಲ್ಡಾ ಹೆಸರಿಡಲಾಯಿತು. ಇಲ್ಲಿನ ಪಾಠ ಭಾಷಣಕಲೆಯದಲ್ಲ. ಇಬ್ಬರು ಎದುರುಬದುರು ನಿಂತು ಒಬ್ಬರು ಕನ್ನಡಿಯಾಗುತ್ತಾರೆ. ಮೊದಲನೆಯವರು ಕೈಯೆತ್ತಿದರೆ ಎರಡನೆಯವರದೂ ಅದೇ ಕ್ಷಣ ಏಳಬೇಕು. ಕನ್ನಡಿ ಹಿಂದೆ ಬಿದ್ದರೆ ತಪ್ಪು ಕನ್ನಡಿಯದಲ್ಲ, ಅದು ಹಿಂಬಾಲಿಸಲಾಗದಷ್ಟು ವೇಗವಾಗಿ ಹೋದವರದು. ತರಗತಿಯಲ್ಲಿ ಪಾಠ ಮಾಡುವ ಯಾರಿಗಾದರೂ ಇದು ನಾಟಬೇಕಾದ ಮಾತು. ಇನ್ನೊಂದು ಆಟದಲ್ಲಿ ಹಾಡೊಂದನ್ನು ಮನಸ್ಸಿನಲ್ಲೇ ಗುನುಗುತ್ತಾ ಅದರ ಲಯವನ್ನು ಮಾತ್ರ ಮೇಜಿನ ಮೇಲೆ ತಟ್ಟಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ 1990ರಲ್ಲಿ ನಡೆದ ಪ್ರಯೋಗದಲ್ಲಿ, ಅರ್ಧದಷ್ಟನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದು ತಟ್ಟುವವರು ನಂಬಿದ್ದರು. ಗುರುತಿಸಿದ್ದು 120 ಹಾಡುಗಳಲ್ಲಿ ಮೂರನ್ನು. ತನಗೆ ಕೇಳುತ್ತಿರುವ ರಾಗ ಎದುರಿನವರಿಗೂ ಕೇಳುತ್ತಿದೆ ಎಂಬ ಭ್ರಮೆ ಬಲ್ಲವರನ್ನು ಬಿಡುವುದಿಲ್ಲ. ಸಾವಿರಾರು ವಿಜ್ಞಾನಿಗಳು, ವೈದ್ಯರು ಈ ತರಬೇತಿ ಪಡೆದಿದ್ದಾರೆ.

ಹನ್ನೊಂದನೇ ವಯಸ್ಸಿನಲ್ಲಿ ಆಲ್ಡಾ ಶಿಕ್ಷಕಿಯನ್ನು ‘ಜ್ವಾಲೆ ಎಂದರೇನು?’ ಎಂದು ಕೇಳಿದ್ದರು. ಆಕ್ಸಿಡೇಷನ್ ಎಂಬ ಒಂದೇ ಪದ ಉತ್ತರವಾಗಿ ಬಂದಿತ್ತು. ಅದೇ ಪ್ರಶ್ನೆಯನ್ನು 2012ರಲ್ಲಿ ವಿಜ್ಞಾನಿಗಳ ಮುಂದಿಟ್ಟು ಸ್ಪರ್ಧೆ ಏರ್ಪಡಿಸಿದರು. ತೀರ್ಪು ಕೊಟ್ಟವರು ಹನ್ನೊಂದು ವರ್ಷದ ಸಾವಿರಾರು ಮಕ್ಕಳು. ಗೆದ್ದದ್ದು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಬೆನ್ ಏಮ್ಸ್ ಮಾಡಿದ ಕಾರ್ಟೂನ್ ಚಿತ್ರ. ಮುಂದಿನ ವರ್ಷಗಳಲ್ಲಿ ಕಾಲ, ಬಣ್ಣ, ನಿದ್ದೆ, ಶಬ್ದ ಪ್ರಶ್ನೆಗಳಾದವು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ತನ್ನ ಲೋಕಕಲ್ಯಾಣ ಪದಕವನ್ನು ಈ ನಟನಿಗೆ ಕೊಟ್ಟಿತು.

ಅಷ್ಟರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಗಿತ್ತು. ಯಾರೋ ಮೇಲೆ ಬಿದ್ದಂತೆ ಕನಸು ಕಂಡು, ಅವರತ್ತ ಆಲೂಗಡ್ಡೆ ಮೂಟೆ ಎಸೆದರೆ, ಎಚ್ಚರದಲ್ಲಿ ಅದು ಹೆಂಡತಿಯ ಮೇಲೆ ಎಸೆದ ದಿಂಬಾಗಿತ್ತು. ಕನಸನ್ನು ಹೀಗೆ ಅಭಿನಯಿಸುವುದು ಕಾಯಿಲೆಯ ಮುಂಗುರುತಿರಬಹುದು ಎಂದು ಎಲ್ಲೋ ಓದಿದ್ದ ಆಲ್ಡಾ ತಾವಾಗಿಯೇ ವೈದ್ಯರ ಬಳಿ ಹೋದರು. 2015ರಲ್ಲಿ ಅದು ಖಚಿತವಾಯಿತು. ಟಿವಿ ಸಂದರ್ಶನಗಳಲ್ಲಿ ತಮ್ಮ ಹೆಬ್ಬೆರಳು ನಡುಗುವುದನ್ನು ಕಂಡು, ಯಾರಾದರೂ ಮರುಕದ ಸುದ್ದಿ ಮಾಡುವ ಮೊದಲು ತಾವೇ ಹೇಳುವುದು ಮೇಲು ಎಂದು 2018ರಲ್ಲಿ ಬಹಿರಂಗಪಡಿಸಿದರು. ಬಾಕ್ಸಿಂಗ್, ಕುಣಿತ, ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುವುದು ದಿನಚರಿಗೆ ಸೇರಿದವು. ‘ಕ್ಲಿಯರ್ ಪ್ಲಸ್ ವಿವಿಡ್’ ಎಂಬ ಪಾಡ್‌ಕಾಸ್ಟ್ ಆರಂಭಿಸಿದ್ದೂ ಅದೇ ವರ್ಷ.

ಹಾಕ್‌ಐ ತೊಟ್ಟ ಬೂಟು, ಕೊರಳಿನ ಸೈನಿಕ ಬಿಲ್ಲೆಗಳು ಮಾತ್ರ ಧಾರಾವಾಹಿ ಮುಗಿದ ಮೇಲೂ ಅವರ ಬಳಿ ನಲವತ್ತು ವರ್ಷ ಇದ್ದವು. ಬಿಲ್ಲೆಗಳ ಮೇಲಿದ್ದುದು ಪಾತ್ರದ ಹೆಸರಲ್ಲ, ನಿಜವಾದ ಇಬ್ಬರು ಸೈನಿಕರದು. ಪ್ರತಿದಿನ ಅವನ್ನು ಕೊರಳಿಗೆ ಹಾಕಿಕೊಳ್ಳುವಾಗ ಆ ಇಬ್ಬರ ಕೈಕುಲುಕಿದಂತೆ ಅನಿಸುತ್ತಿತ್ತು ಎಂದಿದ್ದಾರೆ. 2023ರಲ್ಲಿ ಎರಡನ್ನೂ ಹರಾಜಿಗಿಟ್ಟರು. ಬಂದ 1,25,000 ಡಾಲರ್ ಸ್ಟೋನಿ ಬ್ರೂಕ್‌ನ ಕೇಂದ್ರಕ್ಕೆ ಹೋಯಿತು. 2025ರಲ್ಲಿ ನೆಟ್‌ಫ್ಲಿಕ್ಸ್ ‘ದ ಫೋರ್ ಸೀಸನ್ಸ್’ ಅನ್ನು ಧಾರಾವಾಹಿಯಾಗಿ ಮರುರೂಪಿಸಿದಾಗ, 89ರ ಆಲ್ಡಾ ಅದರ ಒಂದು ಸಣ್ಣ ಪಾತ್ರದಲ್ಲಿ ಮತ್ತೆ ಕ್ಯಾಮೆರಾ ಮುಂದೆ ಕಾಣಿಸಿಕೊಂಡರು.